ಸಿಗ್ನಲ್ಸ್‌ನಿಂದ ಪೆನ್ಷನ್ ಬಂದವನು ಸೈಬರ್ ಸೆಕ್ಯುರಿಟಿಗೆ ಹೋಗಬಹುದಾ? ಅನುಭವ ಇರೋರು ಹೇಳಿ

ಅರಸೀಕೆರೆ_ಸಿಗ್ನಲ್ಸ್

ಎಲ್ಲರಿಗೂ ನಮಸ್ಕಾರ. ಆರ್ಮಿಯಿಂದ ಪೆನ್ಷನ್ ಬಂದು ಊರು ಸೇರಿ ಕೆಲವು ತಿಂಗಳಾಯ್ತು. ಜಬಲ್ಪುರದಲ್ಲಿ ಟ್ರೇನಿಂಗ್, ಆಮೇಲೆ ಸರ್ವಿಸ್ ಪೂರ್ತಿ ಕೋರ್ ಆಫ್ ಸಿಗ್ನಲ್ಸ್. ಹವಾಲ್ದಾರ್ ಆಗಿ ಹೊರಬಂದೆ. ಶುರುವಿನಲ್ಲಿ ಲೈನ್ ಎಳೆಯೋದು, ರೇಡಿಯೊ ಸೆಟ್ ನೋಡ್ಕೊಳ್ಳೋದು. ಕೊನೆಯ ವರ್ಷಗಳಲ್ಲಿ ಸ್ವಿಚ್, ರೂಟರ್, ಆಪ್ಟಿಕಲ್ ಫೈಬರ್ ಕೆಲಸ. ವಯಸ್ಸು ನಲವತ್ತರ ಹತ್ತಿರ. ಪಿಯುಸಿ ಮುಗಿಸಿ ಸೇರಿದ್ದು, ಸರ್ವಿಸಲ್ಲಿದ್ದಾಗಲೇ ದೂರಶಿಕ್ಷಣದಲ್ಲಿ ಬಿಎ ಮಾಡ್ಕೊಂಡೆ.

ಮನೇಲಿ, ನೆಂಟರಲ್ಲಿ ಎಲ್ಲರೂ ಹೇಳೋದು ಒಂದೇ: ಬ್ಯಾಂಕ್ ಗಾರ್ಡ್ ಆಗು, ಇಲ್ಲಾ ಯಾವುದಾದ್ರೂ ಟೆಕ್ ಪಾರ್ಕಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆಗು. ನಮ್ಮ ಮಾವ ಬ್ಯಾಂಕ್ ಕ್ಲರ್ಕ್ ಪರೀಕ್ಷೆ ಬರಿ ಅಂತಾರೆ. ನನಗೆ ನೆಟ್‌ವರ್ಕ್ ಬಿಟ್ಟು ಬರೋಕೆ ಮನಸ್ಸಿಲ್ಲ. ಇನ್ಫರ್ಮೇಷನ್ ಸೆಕ್ಯುರಿಟಿ ಕಡೆ ಹೋಗಬೇಕು ಅಂತ ಆಸೆ. ಬೆಂಗಳೂರಲ್ಲಿ ಒಂದು ಇನ್‌ಸ್ಟಿಟ್ಯೂಟ್‌ನವರು ಲಕ್ಷ ದಾಟಿದ ಫೀಸು ಹೇಳಿ, ಕೆಲಸ ಗ್ಯಾರಂಟಿ ಅಂತಿದ್ದಾರೆ. ಕಟ್ಟಲಾ? ಈ ವಯಸ್ಸಿಗೆ ಯಾರಾದ್ರೂ ತಗೋತಾರಾ? ಎಲ್ಲಿಂದ ಶುರು ಮಾಡಲಿ?

ಜಾಲಹಳ್ಳಿ_ಏರ್‌ಮನ್

ಸರ್, ಮೊದಲನೇ ಮಾತು: ಆ ದುಡ್ಡು ಕಟ್ಟಬೇಡಿ. ಗ್ರಾಚ್ಯುಟಿ, ಕಮ್ಯುಟೇಶನ್ ದುಡ್ಡು ಕೈಗೆ ಬಂದಿದೆ ಅಂತ ಗೊತ್ತಾದರೆ ಸಾಕು, ಫೋನ್ ಮೇಲೆ ಫೋನ್ ಬರುತ್ತೆ. ನನ್ನ ಜೊತೆ ರಿಟೈರ್ ಆದ ಒಬ್ಬರು ಹೀಗೇ ಕಟ್ಟಿದ್ರು. ‘ಗ್ಯಾರಂಟಿ ಕೆಲಸ’ ಅಂತ ಸಿಕ್ಕಿದ್ದು ಕಾಲ್ ಸೆಂಟರ್ ಇಂಟರ್‌ವ್ಯೂಗಳು. ಕೆಲಸ ಕೊಡೋದು ಕಂಪನಿ. ಕಂಪನಿಯ ಪರವಾಗಿ ಕೋಚಿಂಗ್‌ನವರು ಗ್ಯಾರಂಟಿ ಕೊಡೋದು ಹೇಗೆ ಸಾಧ್ಯ ಅಂತ ಅವರನ್ನೇ ಕೇಳಿ ನೋಡಿ.

ನಾನು ಏರ್‌ಫೋರ್ಸ್‌ನಲ್ಲಿ ಇಪ್ಪತ್ತು ವರ್ಷ ಮುಗಿಸಿ ಬಂದವನು, ಕಮ್ಯುನಿಕೇಶನ್ ಟ್ರೇಡ್. ಈಗ ಸೆಕ್ಯುರಿಟಿ ಆಡಿಟ್ ಮಾಡ್ತೀನಿ. ಶುರುವಿಗೆ ಬೇಕಾದದ್ದೆಲ್ಲ ಪುಕ್ಕಟೆಯಾಗಿ ಇಲ್ಲವೇ ಕಡಿಮೆ ಖರ್ಚಲ್ಲಿ ಸಿಗುತ್ತೆ. ನಿಮಗೆ ರೂಟರ್ ಗೊತ್ತು ಅಂದ್ರೆ ಅರ್ಧ ದಾರಿ ಬಂದಿದ್ದೀರಿ. ಸಿಸಿಎನ್‌ಎ (ಸಿಸ್ಕೋ ಕಂಪನಿಯ ನೆಟ್‌ವರ್ಕ್ ಸರ್ಟಿಫಿಕೇಟ್) ಪಠ್ಯ ಒಮ್ಮೆ ಪೂರ್ತಿ ಓದಿ, ಪರೀಕ್ಷೆ ಬೇಕಿದ್ದರೆ ಆಮೇಲೆ ನೋಡಬಹುದು. ಆಮೇಲೆ ಕಾಂಪ್‌ಟಿಯಾ ಸೆಕ್ಯುರಿಟಿ ಪ್ಲಸ್, ಅದು ಸೆಕ್ಯುರಿಟಿಯ ಶುರುವಿನ ಮಟ್ಟದ ಸರ್ಟಿಫಿಕೇಟ್. ಅದಕ್ಕೆ ಮುಂಚಿನ ಅನುಭವದ ಷರತ್ತಿಲ್ಲ.

ಸಿಐಎಸ್‌ಎಸ್‌ಪಿ ಅನ್ನೋ ಮೇಲಿನ ಮಟ್ಟದ ಸೆಕ್ಯುರಿಟಿ ಸರ್ಟಿಫಿಕೇಟ್ ಹೆಸರು ಹೇಳಿ ಎಲ್ಲರೂ ಹೆದರಿಸ್ತಾರೆ. ಅದಕ್ಕೆ ಎಂಟು ವಿಭಾಗಗಳಲ್ಲಿ ಕನಿಷ್ಠ ಎರಡರಲ್ಲಿ ಸೇರಿ ಐದು ವರ್ಷ ಸಂಬಳದ ಅನುಭವ ಬೇಕು. ಪರೀಕ್ಷೆ ಮೊದಲೇ ಪಾಸ್ ಮಾಡಿ, ಅನುಭವ ಕೂಡಿಬರೋವರೆಗೆ ಅಸೋಸಿಯೇಟ್ ಆಗಿ ಇರಬಹುದು. ನಿಮ್ಮ ಸಿಗ್ನಲ್ಸ್ ಕೆಲಸದಲ್ಲಿ ನೆಟ್‌ವರ್ಕ್ ಭದ್ರತೆಯ ಭಾಗ ನಿಜವಾಗಿ ಇದ್ದರೆ ಅದನ್ನೂ ಅನುಭವ ಅಂತ ತೋರಿಸೋಕೆ ದಾರಿ ಇದೆ. ಆದ್ರೆ ಅದು ಎರಡನೇ ಹೆಜ್ಜೆ, ಈಗಲೇ ಅದರ ಹಿಂದೆ ಬೀಳಬೇಡಿ.

ಎಸ್‌ಒಸಿ_ರಾತ್ರಿಪಾಳಿ

ನಾನು ಬೆಂಗಳೂರಲ್ಲಿ ಒಂದು ಸೆಕ್ಯುರಿಟಿ ಆಪರೇಷನ್ಸ್ ಸೆಂಟರ್ (ಎಸ್‌ಒಸಿ) ನಡೆಸ್ತೀನಿ, ಅಂದರೆ ಕಂಪ್ಯೂಟರ್‌ಗಳ ಮೇಲೆ ದಾಳಿ ಆಗ್ತಿದೆಯಾ ಅಂತ ಹಗಲೂ ರಾತ್ರಿ ಕಣ್ಣಿಡೋ ಜಾಗ. ಹೊಸಬರನ್ನ ತಗೊಳ್ಳೋ ಕೆಲಸವೂ ನನ್ನದೇ. ಸೈನ್ಯದಿಂದ ಬಂದವರ ರೆಸ್ಯೂಮೆ ಬರ್ತಾನೇ ಇರುತ್ತೆ. ಹೆಚ್ಚಿನವುಗಳಲ್ಲಿ ಮೊದಲ ಸಾಲು: ಶಿಸ್ತು, ನಾಯಕತ್ವ, ಟೀಮ್ ವರ್ಕ್, ಸಮಯಪಾಲನೆ. ದಯವಿಟ್ಟು ಅದನ್ನ ತೆಗೆದುಹಾಕಿ. ನೀವು ಶಿಸ್ತಿನ ಮನುಷ್ಯರು ಅನ್ನೋದರಲ್ಲಿ ಯಾರಿಗೂ ಅನುಮಾನ ಇಲ್ಲ. ನನಗೆ ಗೊತ್ತಾಗಬೇಕಾದದ್ದು, ಒಂದು ಲಾಗ್ (ಕಂಪ್ಯೂಟರ್ ತಾನೇ ಬರೆದಿಡೋ ದಾಖಲೆ) ಕೊಟ್ಟರೆ ನೀವು ಅದರಲ್ಲಿ ಏನು ನೋಡ್ತೀರಿ ಅಂತ.

ಇಂಟರ್‌ವ್ಯೂನಲ್ಲಿ ನಾನು ಒಂದು ಪರದೆ ತೋರಿಸ್ತೀನಿ. ಒಂದು ವಿಂಡೋಸ್ ಸರ್ವರ್‌ನ ಸೆಕ್ಯುರಿಟಿ ಲಾಗ್. ಇವೆಂಟ್ ಐಡಿ 4625 ಸಾಲುಸಾಲಾಗಿ, ಅಂದರೆ ಲಾಗಿನ್ ವಿಫಲ. ಎಲ್ಲವೂ ಒಂದೇ ಐಪಿಯಿಂದ, ಬೇರೆ ಬೇರೆ ಬಳಕೆದಾರರ ಹೆಸರಲ್ಲಿ. ಆಮೇಲೆ ಒಂದೇ ಒಂದು 4624: ಲಾಗಿನ್ ಆಗಿದೆ, ಟೈಪ್ 10, ಅಂದರೆ ರಿಮೋಟ್ ಡೆಸ್ಕ್‌ಟಾಪ್. ಒಳಗೆ ಬಂದದ್ದು ಬ್ಯಾಕಪ್ ತೆಗೆಯೋಕೆ ಅಂತ ಮಾಡಿಟ್ಟ ಸರ್ವಿಸ್ ಅಕೌಂಟ್. ಸ್ವಲ್ಪ ಹೊತ್ತಿಗೆ 1102: ಆಡಿಟ್ ಲಾಗ್ ಅಳಿಸಲಾಗಿದೆ. ಸಮಯ 21:40 ಅಂತ ಇದೆ, ಆದರೆ ಅದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ.

ಕಾಲೇಜಿನಿಂದ ನೇರ ಬಂದ ಮಕ್ಕಳು ‘ಬ್ರೂಟ್ ಫೋರ್ಸ್ ಸರ್’ ಅಂತ ತಕ್ಷಣ ಹೇಳ್ತಾರೆ. ಅಂದರೆ ಒಂದೇ ಹೆಸರಿಗೆ ಪಾಸ್‌ವರ್ಡ್ ಮೇಲೆ ಪಾಸ್‌ವರ್ಡ್ ಹಾಕಿ ನೋಡೋದು. ಹತ್ತಿರದ ಉತ್ತರ, ಆದ್ರೆ ಇಲ್ಲಿ ಹೆಸರು ಬದಲಾಯಿಸ್ತಾ ಹೋಗಿದ್ದಾನೆ, ಇದು ಪಾಸ್‌ವರ್ಡ್ ಸ್ಪ್ರೇ. ‘ಮುಂದೇನು ಮಾಡ್ತೀಯಪ್ಪಾ’ ಅಂದ್ರೆ ‘ಸರ್ವರ್ ಆಫ್ ಮಾಡ್ತೀನಿ’ ಅಂತಾರೆ. ಆಫ್ ಮಾಡಿದ್ರೆ ಮೆಮೊರಿಯಲ್ಲಿದ್ದ ಸಾಕ್ಷ್ಯ ಹೋಯ್ತು. ನಾನು ಕಳೆದ ಸಲ ತಗೊಂಡ ಮಾಜಿ ಸೈನಿಕರು ಆ ಪರದೆಯನ್ನ ತುಂಬಾ ಹೊತ್ತು ನೋಡಿದ್ರು. ಆಮೇಲೆ ಕೇಳಿದ್ದು: ‘ಸರ್, ಯುಟಿಸಿ 21:40 ಅಂದ್ರೆ ನಮ್ಮ ಬೆಳಗಿನ ಜಾವ 3:10. ಬ್ಯಾಕಪ್ ಅಕೌಂಟ್‌ಗೆ ಆ ಹೊತ್ತಲ್ಲಿ ಡೆಸ್ಕ್‌ಟಾಪ್ ಯಾಕೆ ಬೇಕು? ಗೇಟ್ ರಿಜಿಸ್ಟರ್‌ನಲ್ಲಿ ರಜೆ ಮೇಲಿರೋವನ ಹೆಸರು ಎಂಟ್ರಿ ಆದಂಗಿದೆ. ಮತ್ತೆ, ಸರ್ವರ್‌ನಲ್ಲಿ ಲಾಗ್ ಅಳಿಸಿದ್ದಾನೆ ಅಂದ್ರೆ ನಮಗೆ ಇದು ಹೇಗೆ ಕಾಣ್ತಿದೆ?’ ಆ ಕೊನೆಯ ಪ್ರಶ್ನೆಗೇ ಅವರಿಗೆ ಕೆಲಸ ಸಿಕ್ಕಿತು. ಲಾಗ್ ಅಳಿಸೋ ಮುಂಚೆಯೇ ಅದರ ಪ್ರತಿ ನಮ್ಮ ಸೀಮ್‌ಗೆ (ಎಲ್ಲ ಲಾಗ್‌ಗಳನ್ನ ಒಂದೆಡೆ ಸೇರಿಸಿ ನೋಡೋ ವ್ಯವಸ್ಥೆ) ಬಂದಾಗಿತ್ತು, ಅದಕ್ಕೇ ಕಾಣ್ತಿತ್ತು. ಅವರಿಗೆ ಆ ಉತ್ತರ ಗೊತ್ತಿರಲಿಲ್ಲ, ಆದ್ರೆ ಕೇಳಬೇಕಾದ ಪ್ರಶ್ನೆ ಗೊತ್ತಿತ್ತು.

ನಿಮ್ಮಲ್ಲಿ ಇನ್ನೊಂದು ಗುಣ ಇದೆ, ನೀವೇ ಅದಕ್ಕೆ ಬೆಲೆ ಕಟ್ಟಿಕೊಂಡಿಲ್ಲ. ಘಟನೆ ನಡೆದಾಗ ವರದಿ ಬರೆಯೋದು. ಯಾವಾಗ, ಎಲ್ಲಿ, ಏನು ಕಂಡಿತು, ಏನು ಮಾಡಿದೆ, ಮೇಲಿನವರಿಂದ ಏನು ಬೇಕು. ಇಷ್ಟೇ, ಐದು ಸಾಲಲ್ಲಿ. 2022ರ ಏಪ್ರಿಲ್ 28ರಂದು ಸರ್ಟ್-ಇನ್ (ಸೈಬರ್ ಘಟನೆಗಳನ್ನ ನೋಡಿಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ) ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ಘಟನೆಗಳನ್ನ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನ 180 ದಿನ ಇಡಬೇಕು, ಎಲ್ಲ ಸಿಸ್ಟಮ್‌ಗಳ ಗಡಿಯಾರವೂ ಎನ್‌ಟಿಪಿ ಮೂಲಕ ಒಂದೇ ಸಮಯಕ್ಕೆ ಹೊಂದಿರಬೇಕು. ಆ 6 ಗಂಟೆಯಲ್ಲಿ ನನಗೆ ಬೇಕಾಗಿರೋದು ಗಾಬರಿ ಇಲ್ಲದೆ ಐದು ಸಾಲು ಬರೆಯೋ ಮನುಷ್ಯ. ಎಂಜಿನಿಯರಿಂಗ್ ಮುಗಿಸಿದವರಿಗೆ ಇದನ್ನ ಕಲಿಸೋಕೆ ನನಗೆ ವರ್ಷಗಟ್ಟಲೆ ಬೇಕಾಗುತ್ತೆ.

ಗೋಕಾಕ_ಫೌಜಿ

ಸಾಹೇಬ್ರ, ನಮಸ್ಕಾರ್ರೀ. ಸಿಗ್ನಲ್ಸ್‌ನವ್ರಿಗೆ ಕಂಪ್ಯೂಟರ್ ಗೊತ್ತಿರ್ತೈತಿ, ಅವ್ರಿಗೆ ದಾರಿ ಐತಿ. ನಾವು ಮರಾಠಾ ಲೈಟ್ ಇನ್‌ಫಂಟ್ರಿ, ಬೆಳಗಾವಿ ಸೆಂಟರ್‌ನ್ಯಾಗ ತಯಾರಾದವ್ರು. ಸರ್ವಿಸ್ ಎಲ್ಲಾ ಬಾರ್ಡರ್, ಪೆಟ್ರೋಲಿಂಗ್, ಗಾರ್ಡ್, ಕ್ವಾರ್ಟರ್ ಮಾಸ್ಟರ್ ಸ್ಟೋರ್. ನಮ್ಮಂಥವ್ರಿಗೆ ಈ ಲೈನ್‌ನ್ಯಾಗ ಏನರ ಜಾಗಾ ಐತೇನ್ರೀ? ಖರೇ ಹೇಳ್ರಿ, ಬರೀ ಧೈರ್ಯ ಹೇಳಬ್ಯಾಡ್ರಿ.

ಜಾಲಹಳ್ಳಿ_ಏರ್‌ಮನ್

ಖಂಡಿತ ಇದೆ ಸಾಹೇಬ್ರೇ, ಧೈರ್ಯಕ್ಕೆ ಹೇಳ್ತಿಲ್ಲ. ನಾನು ದಿನಾ ಆಡಿಟ್ ಮಾಡೋದು ಐಎಸ್‌ಒ 27001 ಅನ್ನೋ ಅಂತರರಾಷ್ಟ್ರೀಯ ಮಾಹಿತಿ ಭದ್ರತಾ ಮಾನದಂಡದ ಮೇಲೆ. ಅದರ 2022ರ ಆವೃತ್ತಿಯಲ್ಲಿ 93 ನಿಯಂತ್ರಣಗಳಿವೆ. 34 ತಾಂತ್ರಿಕ, 37 ಸಂಸ್ಥೆಯ ಆಡಳಿತಕ್ಕೆ ಸಂಬಂಧಿಸಿದ್ದು, 8 ಜನರ ಬಗ್ಗೆ, 14 ಭೌತಿಕ ಭದ್ರತೆ. ಆ 14ನ್ನ ಓದಿ ನೋಡಿ: ಆವರಣದ ಗಡಿ, ಒಳಬರೋ ದಾರಿಯ ನಿಯಂತ್ರಣ, ಮೇಲ್ವಿಚಾರಣೆ, ಕೇಬಲ್ ಭದ್ರತೆ, ಉಪಕರಣ ವಿಲೇವಾರಿ. ಇದೆಲ್ಲ ನಿಮಗೆ ಯಾರಾದ್ರೂ ಹೊಸದಾಗಿ ಕಲಿಸಬೇಕಾ?

ಒಂದು ಸಂಗತಿ ಹೇಳ್ತೀನಿ. ಒಂದು ಡೇಟಾ ಸೆಂಟರ್ ಆಡಿಟ್‌ಗೆ ಹೋಗಿದ್ವಿ. ಬಯೋಮೆಟ್ರಿಕ್ ಬಾಗಿಲು, ಕ್ಯಾಮೆರಾ, ಎಲ್ಲ ಚೊಕ್ಕ. ನಮ್ಮ ಜೊತೆ ಇದ್ದ ಮಾಜಿ ಸುಬೇದಾರ್ ಸಾಹೇಬ್ರು ಕಟ್ಟಡದ ಹಿಂದಕ್ಕೆ ಹೋಗಿ ನಿಂತ್ರು. ಡೀಸೆಲ್ ಟ್ಯಾಂಕರ್ ಬರೋ ಗೇಟು. ಟ್ಯಾಂಕರ್ ಜೊತೆ ಬಂದ ಕ್ಲೀನರ್ ಹುಡುಗನ ಹೆಸರು ರಿಜಿಸ್ಟರ್‌ನಲ್ಲಿ ಇರಲಿಲ್ಲ. ಅವನು ಜನರೇಟರ್ ಕೋಣೆ ದಾಟಿ, ಸರ್ವರ್ ಹಾಲ್‌ನ ಕೇಬಲ್ ಒಳಹೋಗೋ ಕಿಂಡಿಯವರೆಗೂ ನಡೆದುಬಂದ. ಯಾರೂ ಕೇಳಲಿಲ್ಲ. ನಮ್ಮಲ್ಲಿ ಉಳಿದವರೆಲ್ಲ ಒಳಗೆ ಫೈರ್‌ವಾಲ್ ರೂಲ್‌ಗಳನ್ನ ನೋಡ್ತಾ ಕೂತಿದ್ವಿ. ಆ ವರದಿಯ ಅತಿ ಗಂಭೀರ ಅಂಶ ಸುಬೇದಾರ್ ಸಾಹೇಬ್ರದ್ದೇ ಆಯ್ತು.

ಸ್ಟೋರ್ ಕೆಲಸ ಅಂದ್ರಲ್ಲ, ಅದನ್ನಂತೂ ಮುಚ್ಚಿಡಬೇಡಿ. ಕಂಪನಿಗಳಲ್ಲಿ ತಮ್ಮ ಹತ್ತಿರ ಎಷ್ಟು ಲ್ಯಾಪ್‌ಟಾಪ್ ಇದೆ, ಯಾರ ಕೈಲಿದೆ ಅಂತ ಸರಿಯಾಗಿ ಗೊತ್ತಿರಲ್ಲ. ಲೆಡ್ಜರ್, ಇಶ್ಯೂ ವೋಚರ್, ಸ್ಟಾಕ್ ಟೇಕಿಂಗ್, ಕಂಡೆಮ್ನೇಶನ್ ಬೋರ್ಡ್ ನಡೆಸಿದ ನೀವು ಆಸ್ತಿ ಪಟ್ಟಿಯನ್ನ ಅವರಿಗಿಂತ ಚೆನ್ನಾಗಿ ಇಡ್ತೀರಿ. ಆದ್ರೆ ಕಂಪ್ಯೂಟರ್ ಕಲಿಯದೆ ಆಗಲ್ಲ. ಎಕ್ಸೆಲ್, ನೆಟ್‌ವರ್ಕ್‌ನ ಮೂಲ ಪಾಠ, ಇಂಗ್ಲಿಷ್‌ನಲ್ಲಿ ಸರಳವಾಗಿ ವರದಿ ಬರೆಯೋದು, ಇವಿಷ್ಟು ಬೇಕೇ ಬೇಕು.

ಮಡಿಕೇರಿಯಾಕೆ

ನಾನು ಸೈನಿಕರ ಹೆಂಡತಿ. ನೀವೆಲ್ಲ ಕೋರ್ಸು, ಸರ್ಟಿಫಿಕೇಟು ಅಂತ ಮಾತಾಡ್ತಿದ್ದೀರಿ, ನನ್ನದೊಂದು ಮಾತು ಕೇಳಿ. ಇವರು ಪೆನ್ಷನ್ ಬಂದ ಮೇಲಾದ್ರೂ ರಾತ್ರಿ ಮನೇಲಿರ್ತಾರೆ ಅಂದ್ಕೊಂಡಿದ್ದೆ. ಎಸ್‌ಒಸಿ ಕೆಲಸ ಸಿಕ್ಕಿತು, ಸಂತೋಷಾನೇ. ಈಗ ತಿಂಗಳಲ್ಲಿ ಅರ್ಧ ರಾತ್ರಿಪಾಳಿ. ಹಗಲು ಪರದೆ ಎಳೆದು ಮಲಗ್ತಾರೆ, ಮಕ್ಕಳು ಪಿಸುಮಾತಲ್ಲಿ ಓಡಾಡ್ತಾರೆ. ಇಷ್ಟು ವರ್ಷ ದೂರ ಇದ್ದವರು ಈಗ ಅದೇ ಮನೇಲಿದ್ದೂ ಸಿಗೋದಿಲ್ಲ. ದೂರು ಹೇಳ್ತಿಲ್ಲ. ಆದ್ರೆ ಈ ಕೆಲಸಕ್ಕೆ ಹೋಗೋ ಅಣ್ಣಂದಿರು ಪಾಳಿ ಹೇಗಿರುತ್ತೆ ಅಂತ ಹೆಂಡತಿ ಹತ್ತಿರ ಕೂತು ಮಾತಾಡಿ, ಆಮೇಲೆ ಸಹಿ ಹಾಕಿ.

ಎಸ್‌ಒಸಿ_ರಾತ್ರಿಪಾಳಿ

ಅಕ್ಕಾ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಮೊದಲ ಹಂತದ ಅನಲಿಸ್ಟ್‌ಗೆ ಪಾಳಿ ತಪ್ಪಿದ್ದಲ್ಲ, ಅದನ್ನ ನಾವು ಸಂದರ್ಶನದಲ್ಲೇ ಬಿಚ್ಚಿ ಹೇಳಬೇಕು. ಪಾಳಿ ಬೇಡ ಅನ್ನೋರಿಗೆ ಆಡಿಟ್, ಕಂಪ್ಲಯನ್ಸ್ ಕಡೆ ಹಗಲಿನ ಕೆಲಸ ಇದೆ. ಊರೂರು ತಿರುಗಬೇಕಾಗುತ್ತೆ, ಅಷ್ಟೇ.

ಸಂಬಳದ ವಿಷಯವೂ ಹೇಳಿಬಿಡ್ತೀನಿ. ಮೊದಲ ಹಂತದ ಸಂಬಳ ನಿಮ್ಮ ಕೊನೆಯ ಸರ್ವಿಸ್ ಸಂಬಳಕ್ಕಿಂತ ಕಡಿಮೆ ಇರೋ ಸಾಧ್ಯತೆ ಹೆಚ್ಚು. ಪಕ್ಕದಲ್ಲಿ ಕೂರೋವನು ಇಪ್ಪತ್ಮೂರರ ಹುಡುಗ, ಅವನೇ ನಿಮಗೆ ಕೆಲಸ ಹೇಳಿಕೊಡ್ತಾನೆ. ಹುಡುಗನ ಹತ್ತಿರ ಕಲಿಯೋಕೆ ಮನಸ್ಸು ಒಗ್ಗಿದವರು ಇಲ್ಲಿ ನಿಲ್ತಾರೆ. ಒಳ್ಳೇ ಕೆಲಸಗಾರರು ಕೆಲವರು ಈ ಒಂದೇ ಕಾರಣಕ್ಕೆ ಬಿಟ್ಟುಹೋದದ್ದು ನೋಡಿ ನನಗೆ ಬಹಳ ಬೇಸರವಾಗಿದೆ. ಪೆನ್ಷನ್ ಅನ್ನೋದು ಮನೆ ಖರ್ಚನ್ನ ಹೊರುತ್ತೆ, ಹಾಗಾಗಿ ಕಡಿಮೆ ಸಂಬಳದಲ್ಲಿ ಕಲಿಯೋ ಅವಕಾಶ ನಿಮಗಿದೆ. ಆ ಹುಡುಗನಿಗೆ ಅದಿಲ್ಲ.

ಬ್ಯಾಂಕ್_ಶಿವಮೊಗ್ಗ

ಮೂಲ ಪ್ರಶ್ನೆ ಕೇಳಿದವರಿಗೆ: ನಿಮ್ಮ ಮಾವನವರ ಮಾತನ್ನ ಸುಲಭವಾಗಿ ತಳ್ಳಿಹಾಕಬೇಡಿ. ಸರ್ಕಾರಿ ಬ್ಯಾಂಕ್‌ಗಳಲ್ಲಿ ಕ್ಲರ್ಕ್ ದರ್ಜೆಯ ಹುದ್ದೆಗಳಲ್ಲಿ ಮಾಜಿ ಸೈನಿಕರ ವರ್ಗಕ್ಕೆ 14.5 ಶೇಕಡಾ ಮೀಸಲಾತಿ ಇದೆ. ನಾನೂ ಮಾಜಿ ಸೈನಿಕ, ಹಾಗೇ ಬಂದವನು. 2016ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಸೈಬರ್ ಭದ್ರತಾ ಚೌಕಟ್ಟು ಹೊರಡಿಸಿದ ಮೇಲೆ ಬ್ಯಾಂಕ್‌ಗಳು ಈ ವಿಭಾಗವನ್ನ ಬೆಳೆಸಲೇಬೇಕಾಯ್ತು. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮಾಸ್ ಬ್ಯಾಂಕ್‌ನಿಂದ 94 ಕೋಟಿ ಹೋದಾಗ ನಮ್ಮ ಬ್ರಾಂಚ್‌ನಲ್ಲೂ ಎಲ್ಲರ ಕಣ್ಣು ತೆರೀತು. ವ್ಯವಹಾರಕ್ಕೆ ಅನುಮತಿ ಕೊಡಬೇಕಾದ ವ್ಯವಸ್ಥೆಯ ಜಾಗದಲ್ಲಿ ಕಳ್ಳರೇ ಕೂತು, ಕ್ಲೋನ್ ಮಾಡಿದ ಕಾರ್ಡ್‌ಗಳಿಗೆ ಹೂಂ ಅಂದಿದ್ರು. ಬ್ರಾಂಚ್ ಕೆಲಸ, ಕ್ಯಾಶ್, ಎಟಿಎಂ ಹೇಗೆ ನಡೆಯುತ್ತೆ ಅಂತ ತಿಳಿದವನಿಗೆ ಈ ಕಳ್ಳತನ ಹೇಗಾಯ್ತು ಅಂತ ಬೇಗ ಅರ್ಥ ಆಗುತ್ತೆ. ನಾನು ಈಗ ಸಿಐಎಸ್‌ಎ ಅನ್ನೋ ಆಡಿಟರ್ ಸರ್ಟಿಫಿಕೇಟ್‌ಗೆ ಓದ್ತಿದ್ದೀನಿ, ಐಎಸ್ (ಮಾಹಿತಿ ವ್ಯವಸ್ಥೆಗಳ) ಆಡಿಟ್ ವಿಭಾಗಕ್ಕೆ ಹೋಗೋ ಗುರಿ. ನಿಧಾನದ ದಾರಿ, ಆದ್ರೆ ಸಂಜೆ ಮನೆ ಸೇರ್ತೀನಿ.

ಹೊಸಕೋಟೆ_ರೆಡ್‌ಟೀಮ್

ಎಲ್ಲರೂ ಆಡಿಟ್, ಎಸ್‌ಒಸಿ ಅಂತಿದ್ದೀರಿ. ಪೆನ್ ಟೆಸ್ಟಿಂಗ್‌ಗೂ ಬನ್ನಿ ಸರ್, ಅಂದರೆ ಒಪ್ಪಿಗೆ ತಗೊಂಡು ನಾವೇ ದಾಳಿ ಮಾಡಿ ದೋಷ ಹುಡುಕೋ ಕೆಲಸ. ಅದರ ಸರ್ಟಿಫಿಕೇಟ್ ಒಎಸ್‌ಸಿಪಿ, ಪರೀಕ್ಷೆ 23 ಗಂಟೆ 45 ನಿಮಿಷ, ಆಮೇಲೆ ವರದಿ ಬರೆಯೋಕೆ ಇನ್ನೂ 24 ಗಂಟೆ. ನಿದ್ದೆಗೆಟ್ಟು ಕೆಲಸ ಮಾಡಿ ಅಭ್ಯಾಸ ಇರೋ ನಿಮಗೆ ಅದು ದೊಡ್ಡದಲ್ಲ. ಪೋರ್ಟ್‌ಸ್ವಿಗರ್‌ನ ವೆಬ್ ಸೆಕ್ಯುರಿಟಿ ಅಕಾಡೆಮಿ ಪೂರ್ತಿ ಉಚಿತ, ಅಲ್ಲಿಂದ ಶುರು ಮಾಡಿ.

ಜಾಲಹಳ್ಳಿ_ಏರ್‌ಮನ್

ತಮ್ಮಾ, ನಿದ್ದೆಗೆಟ್ಟರೆ ಒಎಸ್‌ಸಿಪಿ ಆಗಲ್ಲ, ಕೋಡ್ ಓದೋಕೆ ಬರಬೇಕು. ಇವರಿಗೆ ಪೈಥಾನ್, ಲಿನಕ್ಸ್ ಎಷ್ಟು ಗೊತ್ತು ಅಂತ ಕೇಳದೆ ಆ ಕಡೆ ಕಳಿಸೋದು ಸರಿಯಲ್ಲ. ಆಸಕ್ತಿ ಇದ್ದರೆ ಎರಡು ವರ್ಷ ಬಿಟ್ಟು ಮಾಡಲಿ.

ಇನ್ನೊಂದು ಮುಖ್ಯವಾದ್ದು ಹೇಳೋದಿದೆ. ರೆಸ್ಯೂಮೆಯಲ್ಲಿ ಏನು ಬರೀಬಾರದು ಅಂತ. ಯೂನಿಟ್ ಎಲ್ಲಿತ್ತು, ಯಾವ ಸೆಟ್, ಯಾವ ಸೈಫರ್ ಉಪಕರಣ, ನೆಟ್‌ವರ್ಕ್ ಹೇಗೆ ಹೆಣೆದಿತ್ತು, ಇದ್ಯಾವುದೂ ಬೇಡ. ಪೆನ್ಷನ್ ಬಂದ ಮೇಲೂ 1923ರ ಅಧಿಕೃತ ರಹಸ್ಯಗಳ ಕಾಯ್ದೆ ನಮಗೆ ಅನ್ವಯಿಸುತ್ತೆ. ಲಿಂಕ್ಡ್‌ಇನ್‌ನಲ್ಲಿ ಹೊಸಬರು ಉತ್ಸಾಹದಲ್ಲಿ ಎಲ್ಲವನ್ನೂ ಬರೆದು, ಫೋಟೋ ಹಾಕಿಬಿಡ್ತಾರೆ. ‘ರಕ್ಷಣಾ ಪ್ರಾಜೆಕ್ಟ್‌ಗೆ ಕನ್ಸಲ್ಟೆಂಟ್ ಬೇಕು, ಒಳ್ಳೇ ಸಂಬಳ’ ಅಂತ ಗುರುತಿಲ್ಲದವರು ಮೆಸೇಜ್ ಮಾಡಿದ್ರೆ ಉತ್ತರ ಕೊಡೋ ಮುಂಚೆ ನೂರು ಸಲ ಯೋಚಿಸಿ. 2020ರಲ್ಲಿ ಆರ್ಮಿ 89 ಆ್ಯಪ್‌ಗಳನ್ನ ಫೋನ್‌ನಿಂದ ತೆಗೆಯೋಕೆ ಹೇಳಿದ್ದು ನೆನಪಿದೆಯಲ್ಲ, ಆ ಎಚ್ಚರ ಪೆನ್ಷನ್ ಜೊತೆಗೆ ಮುಗಿಯೋದಿಲ್ಲ.

ಹಾಗಾದ್ರೆ ಏನು ಬರೀಬೇಕು? ‘ಎತ್ತರದ ಪ್ರದೇಶದಲ್ಲಿ ಸಂಪರ್ಕ ವ್ಯವಸ್ಥೆ ನಿರ್ವಹಣೆ’ ಅಂತ ಬರೆದ್ರೆ ಬೆಂಗಳೂರಿನ ಎಚ್‌ಆರ್‌ಗೆ ಏನೂ ತಿಳಿಯಲ್ಲ. ‘ಸ್ವಿಚ್‌ಗಳಲ್ಲಿ ವಿಎಲ್ಎಎನ್ ವಿಂಗಡಣೆ, ಬಳಸದ ಪೋರ್ಟ್ ಮುಚ್ಚುವುದು, ಕಾನ್ಫಿಗರೇಶನ್ ಬ್ಯಾಕಪ್, ಬಳಕೆದಾರರ ಪ್ರವೇಶ ನೋಂದಣಿ, ಲಿಂಕ್ ಬಿದ್ದಾಗ ದೋಷ ಪತ್ತೆ ಮಾಡಿ ವರದಿ’ ಅಂತ ಬರೀರಿ. ಇದರಲ್ಲಿ ರಹಸ್ಯ ಏನೂ ಇಲ್ಲ, ಕೆಲಸ ಮಾತ್ರ ಇದೆ.

ಕೋಲಾರ_ಅಣ್ಣ

ನನ್ನ ತಮ್ಮ ಅಗ್ನಿವೀರ. ನಾಲ್ಕು ವರ್ಷ ಮುಗಿದ ಮೇಲೆ ಬ್ಯಾಚ್‌ನಲ್ಲಿ 25 ಶೇಕಡಾದವರೆಗೆ ಮಾತ್ರ ಉಳಿಸ್ಕೊಳ್ತಾರೆ. ಉಳಿಯದಿದ್ರೆ ಇದೇ ಲೈನ್‌ಗೆ ಬರ್ತೀನಿ ಅಂತಾನೆ. ಅವನಿಗೆ ಪೆನ್ಷನ್ ಇಲ್ಲ, ಸೇವಾ ನಿಧಿ 11 ಲಕ್ಷ ಚಿಲ್ಲರೆ ಬರುತ್ತೆ. ಏನು ಹೇಳಲಿ?

ಎಸ್‌ಒಸಿ_ರಾತ್ರಿಪಾಳಿ

ಅಣ್ಣಾ, ಅವನ ಲೆಕ್ಕ ಬೇರೆ. ಮೇಲೆ ಪೆನ್ಷನ್ ಬಗ್ಗೆ ನಾನು ಹೇಳಿದ್ದು ಅವನಿಗೆ ಅನ್ವಯಿಸಲ್ಲ. ಅವನ ಕೈಲಿರೋದು ವಯಸ್ಸು. ಆ ದುಡ್ಡಲ್ಲಿ ಮೊದಲು ಡಿಗ್ರಿ ಮುಗಿಸಲಿ, ಬಿಸಿಎ ಆದರೂ ಸರಿ. ದೊಡ್ಡ ಕಂಪನಿಗಳ ಎಚ್‌ಆರ್ ಡಿಗ್ರಿ ಇಲ್ಲದ ರೆಸ್ಯೂಮೆಯನ್ನ ನಮ್ಮವರೆಗೂ ಬಿಡೋದೇ ಇಲ್ಲ. ಅದು ಸರಿ ಅಂತ ನಾನು ಹೇಳಲ್ಲ, ಆದ್ರೆ ನಡೀತಿರೋದು ಹಾಗೇ.

ಅರಸೀಕೆರೆ_ಸಿಗ್ನಲ್ಸ್

ಎಲ್ಲರಿಗೂ ಧನ್ಯವಾದ. ಇನ್‌ಸ್ಟಿಟ್ಯೂಟ್‌ಗೆ ದುಡ್ಡು ಕಟ್ಟಲಿಲ್ಲ. ಅದರ ಬದಲು ಹಳೇ ಲ್ಯಾಪ್‌ಟಾಪ್‌ಗೆ ರ‍್ಯಾಮ್ ಹಾಕಿಸಿ 16 ಜಿಬಿ ಮಾಡಿಸಿದೆ. ವರ್ಚುವಲ್‌ಬಾಕ್ಸ್‌ನಲ್ಲಿ ಒಂದು ವಿಂಡೋಸ್, ಒಂದು ಉಬುಂಟು. ಉಬುಂಟುವಿನಲ್ಲಿ ವಾಜೂ (ಲಾಗ್ ಸೇರಿಸಿ ಎಚ್ಚರಿಕೆ ಕೊಡೋ ಉಚಿತ ಸಾಫ್ಟ್‌ವೇರ್), ವಿಂಡೋಸ್‌ನಲ್ಲಿ ಸಿಸ್‌ಮಾನ್ (ಮೆಷಿನ್‌ನಲ್ಲಿ ನಡೆಯೋದನ್ನ ವಿವರವಾಗಿ ಲಾಗ್ ಮಾಡೋದು). ರಾತ್ರಿಪಾಳಿ ಸರ್ ಹೇಳಿದ 4625 ಕಣ್ಣಾರೆ ನೋಡಬೇಕು ಅಂತ ನನ್ನದೇ ಮೆಷಿನ್‌ಗೆ ತಪ್ಪು ಪಾಸ್‌ವರ್ಡ್ ಹಾಕ್ತಾ ಕೂತೆ. ರಿಮೋಟ್ ಡೆಸ್ಕ್‌ಟಾಪ್‌ನಿಂದ ಮಾಡಿದ್ರೂ ವಿಫಲ ಆದವು ಟೈಪ್ 3 ಅಂತ ಬರ್ತಿದೆ, ಒಳಗೆ ಹೋದ ಮೇಲೆ ಮಾತ್ರ ಟೈಪ್ 10 ಕಾಣ್ತಿದೆ. ಯಾಕೆ ಅಂತ ಗೊತ್ತಾಗಲಿಲ್ಲ. ಇದು ಸರೀನಾ?

ಇನ್ನೊಂದು. ಸೈನ್ಯದವರು ಮೇಲಿನವರ ಮಾತಿಗೆ ಪ್ರಶ್ನೆ ಮಾಡಲ್ಲ, ಹಾಗಾಗಿ ಮ್ಯಾನೇಜರ್ ಹೆಸರಲ್ಲಿ ಫೋನ್ ಬಂದರೆ ಪಾಸ್‌ವರ್ಡ್ ರೀಸೆಟ್ ಮಾಡಿಕೊಟ್ಟುಬಿಡ್ತಾರೆ ಅಂತ ಒಬ್ಬರು ನನಗೆ ಖಾಸಗಿಯಾಗಿ ಬರೆದಿದ್ದಾರೆ. ಅದನ್ನ ಒಪ್ಪೋಕಾಗಲ್ಲ. ರೇಡಿಯೊದಲ್ಲಿ ಬಂದ ದನಿ ಎಷ್ಟೇ ಗಟ್ಟಿಯಾಗಿದ್ರೂ ಅಥೆಂಟಿಕೇಶನ್ ಕೇಳದೆ ನಾವು ಮುಂದುವರಿಯಲ್ಲ. ಸಂತ್ರಿ ಡ್ಯೂಟಿಯಲ್ಲಿ ಪಾಸ್‌ವರ್ಡ್ ಹೇಳದಿದ್ರೆ ಸಿಓ (ಕಮಾಂಡಿಂಗ್ ಆಫೀಸರ್) ಸಾಹೇಬ್ರನ್ನೂ ನಿಲ್ಲಿಸ್ತೀವಿ. ನಮಗೆ ಕಲಿಸಿದ್ದೇ ಅದು.

ಎಸ್‌ಒಸಿ_ರಾತ್ರಿಪಾಳಿ

ಆ ಉದಾಹರಣೆಯನ್ನ ಇಂಟರ್‌ವ್ಯೂನಲ್ಲಿ ಹೇಳಿ ಸರ್. ಅದು ಶಿಸ್ತು ಅನ್ನೋ ಪದಕ್ಕಿಂತ ಎಷ್ಟೋ ಪಾಲು ಕೆಲಸ ಮಾಡುತ್ತೆ.

ಟೈಪ್ 3 ಬರೋದು ಸರಿಯೇ. ಈಗಿನ ವಿಂಡೋಸ್‌ನಲ್ಲಿ ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಶನ್ ಆನ್ ಇರುತ್ತೆ. ಡೆಸ್ಕ್‌ಟಾಪ್ ತೆರೆಯೋ ಮುಂಚೆಯೇ ನೆಟ್‌ವರ್ಕ್ ಮಟ್ಟದಲ್ಲಿ ಗುರುತು ಪರೀಕ್ಷೆ ನಡೆಯುತ್ತೆ, ಅಲ್ಲೇ ಸೋತದ್ದು ಟೈಪ್ 3 ಅಂತ ದಾಖಲಾಗುತ್ತೆ. ಇದನ್ನ ಗಮನಿಸದೆ ಬರೀ ಟೈಪ್ 10 ಹುಡುಕೋ ಅನಲಿಸ್ಟ್‌ಗಳು ನನ್ನ ಹತ್ತಿರಾನೂ ಇದ್ದಾರೆ. ನೀವು ಮಾಡಿದ್ದನ್ನ ಸ್ಕ್ರೀನ್‌ಶಾಟ್ ಸಮೇತ ಎರಡು ಪುಟ ಬರೆದು ಗಿಟ್‌ಹಬ್‌ನಲ್ಲಿ ಹಾಕಿ, ರೆಸ್ಯೂಮೆಯಲ್ಲಿ ಅದರ ಲಿಂಕ್ ಕೊಡಿ. ಮುಂದಿನ ಕೆಲಸ: ಐದು ನಿಮಿಷದಲ್ಲಿ ಒಂದೇ ಐಪಿಯಿಂದ ಹತ್ತು ಬೇರೆ ಹೆಸರಲ್ಲಿ 4625 ಬಂದರೆ ಎಚ್ಚರಿಕೆ ಕೊಡೋ ರೂಲ್ ಒಂದನ್ನ ವಾಜೂನಲ್ಲಿ ನೀವೇ ಬರೀರಿ. ಸಿಕ್ಕಿಹಾಕ್ಕೊಂಡ್ರೆ ಇಲ್ಲೇ ಕೇಳಿ.

ಗೋಕಾಕ_ಫೌಜಿ

ಜಾಲಹಳ್ಳಿ ಸಾಹೇಬ್ರ, ನಾನೂ ಶುರು ಮಾಡೀನ್ರೀ. ಮಗಳು ಎಕ್ಸೆಲ್ ಕಲಿಸ್ಲಿಕ್ಕತ್ತಾಳ. ಆ 14 ನಿಯಂತ್ರಣ ಪೂರ್ತಿ ಓದಬೇಕಂದ್ರ ಆ ಮಾನದಂಡದ ಪುಸ್ತಕ ರೊಕ್ಕಾ ಕೊಟ್ಟ ತಗೋಬೇಕಂತ, ಭಾಳ ತುಟ್ಟಿ ಐತಿ. ಬ್ಯಾರೆ ದಾರಿ ಐತೇನ್ರೀ?

ಜಾಲಹಳ್ಳಿ_ಏರ್‌ಮನ್

ಈಗಲೇ ತಗೋಬೇಡಿ ಸಾಹೇಬ್ರೇ. ನಿಯಂತ್ರಣಗಳ ಹೆಸರು, ಅವುಗಳ ಸರಳ ವಿವರಣೆ ಇಂಟರ್‌ನೆಟ್‌ನಲ್ಲಿ ಬೇಕಾದಷ್ಟಿದೆ, ಕಲಿಯೋಕೆ ಅದು ಸಾಕು. ಮಗಳು ಕಲಿಸಿದ ಎಕ್ಸೆಲ್‌ನಲ್ಲೇ 14 ಸಾಲು ಹಾಕಿ. ನಿಮ್ಮೂರ ಸೊಸೈಟಿಯನ್ನೋ, ಪರಿಚಯದ ಶಾಲೆಯ ಕಂಪ್ಯೂಟರ್ ಲ್ಯಾಬನ್ನೋ ಅವರ ಒಪ್ಪಿಗೆ ತಗೊಂಡು ನೋಡಿ ಬನ್ನಿ. ಒಂದೊಂದು ಸಾಲಿನ ಮುಂದೆ ಏನು ಕಂಡಿತು, ಏನು ಇರಬೇಕಿತ್ತು ಅಂತ ಬರೀರಿ. ಬರೆದದ್ದನ್ನ ಅವರಿಗೇ ಕೊಡಿ, ಹೊರಗೆ ಎಲ್ಲೂ ಹಾಕಬೇಡಿ. ಹೆಸರು, ಜಾಗ ಎಲ್ಲ ತೆಗೆದ ಪ್ರತಿ ಒಂದನ್ನ ನನಗೆ ಕಳಿಸಿ, ಎಲ್ಲಿ ತಿದ್ದಬೇಕು ಅಂತ ನೋಡಿ ಹೇಳ್ತೀನಿ.